ಸಾರ್ವಜನಿಕರಲ್ಲಿ ವಿನಂತಿ

ನಮ್ಮ ಬಂಗಾರಪೇಟೆ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ ಎಲ್ಲ ಇದ್ದರು. ಅವರೆಲ್ಲರ ಮೇಲೆ ಗಿರಿ ಇದ್ದ. ‘ಈವೆಂಟ್ ಮ್ಯಾನೇಜರ್’ ಅನ್ನುವ ಹುದ್ದೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ತಾನೇ ಒಂದು ಟ್ಯಾಗು ಮಾಡಿಸಿ ಕುತ್ತಿಗೆಗೆ ಹಾಕಿಕೊಂಡ, ಅಷ್ಟೇ. ಕಿವಿಯಲ್ಲಿ ಸದಾ ಒಂದು ಇಯರ್‌ಫೋನ್. ಅದರೊಳಗೆ ಯಾರಾದರೂ ಮಾತಾಡಿದ್ದನ್ನು ನಾನಂತೂ ಕಾಣೆ. ಆದರೂ ಎರಡು ಬೆರಳು ಒತ್ತಿ ‘ಸ್ಟೇಜ್ ರೆಡಿ, ಸ್ಟೇಜ್ ರೆಡಿ’ ಅನ್ನುತ್ತಿದ್ದ. ಸ್ಟೇಜ್ ಗುಡಿಸಿ ಒರೆಸುತ್ತಿದ್ದವರು ನಾವು.

ಊರು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿ. ಕೇಳಿದರೆ ‘ಕೆಜಿಎಫ್ ಸೈಡು’ ಅನ್ನುತ್ತಿದ್ದ. ಮನೆಯಲ್ಲಿ ಏನು ಮಾಡುತ್ತಾರೆ ಅಂದರೆ ‘ಡೈರಿ ಬಿಸಿನೆಸ್’. ಅವನ ತಾಯಿ ಗಂಗರತ್ನಮ್ಮ ಒಬ್ಬರೇ ಎರಡು ಸೀಮೆಹಸು ಕಟ್ಟಿಕೊಂಡು, ಹಾಲು ಕರೆದು ಡೈರಿಗೆ ಹಾಕುವುದಕ್ಕೆ ಆ ಹೆಸರು! ‘ಈವೆಂಟ್ ಐತಮ್ಮ’ ಅಂದುಬಿಟ್ಟರೆ ಮಗರಾಯ ಸಗಣಿ ಮುಟ್ಟಬೇಕಾಗಿರಲಿಲ್ಲ.

ಈ ಸಲದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಆಂಡರ್ಸನ್‌ಪೇಟೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ವೆಂಕಟರತ್ನಮ್ಮ. ಅವರ ಮುಖವನ್ನು ನಾವ್ಯಾರೂ ನೋಡಿರಲಿಲ್ಲ, ಗಿರಿಯೂ ನೋಡಿರಲಿಲ್ಲ. ಟ್ರೈನಿಗೆ ಬರುತ್ತಾರೋ, ಆಟೋದಲ್ಲೋ ಅಂತ ಕೇಳಿಕೊಳ್ಳುವಷ್ಟು ಬುದ್ಧಿಯೂ ನಮ್ಮ ಮ್ಯಾನೇಜರಿಗೆ ಇರಲಿಲ್ಲ.

“ನಾನು ಸ್ಟೇಷನ್ನಿಗೆ ಓಗ್ತೀನಿ. ಇಲ್ಲಿ ಗೇಟಲ್ಲಿ ರೇಷ್ಮೆ ಸೀರೆ ಉಟ್ಕೊಂಡು ವಯಸ್ಸಾದೋರು ಆಟೋ ಇಳಿದ್ರೆ ಮಾತಾಡಿಸ್ತಾ ನಿಲ್ಬೇಡ್ರಲೇ. ಸೀದಾ ಸ್ಟೇಜಿಗೆ. ಹಾರ, ಶಾಲು!” ಎಂದು ಹುಡುಗರಿಗೆ ಅಪ್ಪಣೆ ಕೊಟ್ಟು, ಯಾರದೋ ಕಾರು ಹತ್ತಿ ಹೋದ.

ರೇಷ್ಮೆ ಸೀರೆ ಆಟೋದಿಂದ ಇಳಿಯಿತು. ಹುಡುಗರು ಮಾತಾಡಿಸುತ್ತಾ ನಿಲ್ಲಲಿಲ್ಲ. “ಅಯ್ಯೋ, ನಾನಲ್ಲ ಕಣ್ರಪ್ಪ...” ಅಂತ ಆಕೆ ಕೈ ಆಡಿಸಿದ್ದು ಸ್ಪೀಕರಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹಾರ ಬಿತ್ತು, ಶಾಲು ಬಿತ್ತು, ದೊಡ್ಡ ಕುರ್ಚಿಯಲ್ಲಿ ಕೂರಿಸಿಯೂ ಆಯಿತು. ನಿರೂಪಣೆಗೆ ನಿಂತಿದ್ದ ನಾನು ಹತ್ತಿರ ಹೋಗಿ, “ಮೇಡಂ, ನೀರು ಬೇಕಾ?” ಅಂದೆ.

“ನಾನು ಮೇಡಂ ಅಲ್ಲ ಕಣಮ್ಮ, ಗಿರಿ ತಾಯಿ. ದಿನಾ ಈವೆಂಟು ಈವೆಂಟು ಅಂತಾನಲ್ಲ, ಅದೇನ್ ಮಾಡ್ತಾನೋ ಒಂದ್ಸಲ ಕಣ್ಣಾರೆ ನೋಡ್ಕೊಂಡು ಓಗಾನ ಅಂತ ಬಂದೆ. ಅಸ್ಗಳ್ನ ಪಕ್ಕದ್ಮನೆಯೋರ್ಗೆ ಒಪ್ಸಿ ಬಂದಿದೀನಿ. ಅವನೆಲ್ಲಮ್ಮ?”

ಅಷ್ಟರಲ್ಲಿ ಅವನೇ ಬಂದ. ಹಿಂದೆ ನಿಜವಾದ ವೆಂಕಟರತ್ನಮ್ಮ, ಸಾದಾ ಕಾಟನ್ ಸೀರೆಯಲ್ಲಿ. ಗಿರಿ ವೇದಿಕೆ ಕಡೆ ನೋಡಿದ. ಮಗನನ್ನು ಕಂಡು ತಾಯಿಯ ಮುಖ ಅರಳಿತು. ಅಲ್ಲಯ್ಯಾ ಪುಣ್ಯಾತ್ಮ, ‘ಇವರು ನಮ್ಮಮ್ಮ’ ಅಂದಿದ್ದರೆ ಇಡೀ ಸಭೆ ಚಪ್ಪಾಳೆ ಹೊಡೆಯುತ್ತಿತ್ತು, ನಾನೇ ಮೊದಲು ಹೊಡೆಯುತ್ತಿದ್ದೆ! ಅವನು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, “ಸಾರ್ವಜನಿಕರಲ್ಲಿ ವಿನಂತಿ. ದಯವಿಟ್ಟು ವೇದಿಕೆ ಮೇಲೆ ಯಾರೂ ಕೂರಬಾರದು” ಅಂದ. ಆಮೇಲೆ ತಾಯಿಯ ಹೆಗಲಿಂದ ಶಾಲು ತೆಗೆದು, ಕೊಡವಿ, ಮಡಿಸಿ ತಟ್ಟೆಯಲ್ಲಿಟ್ಟ. ತಂದಿದ್ದದ್ದು ಒಂದೇ ಶಾಲು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಗಂಗರತ್ನಮ್ಮ ನನ್ನ ಕೈ ಹಿಡಿದು, “ಬ್ಯಾಡ ಬುಡಮ್ಮ” ಅಂದರು. ಹಾರವನ್ನೂ ತಾವೇ ತೆಗೆದಿಟ್ಟು, ಕೆಳಗಿಳಿದು, ಕೊನೆಯ ಸಾಲಿನಲ್ಲಿ ಹೋಗಿ ಕೂತರು. ಕಾರ್ಯಕ್ರಮ ಮುಗಿಯುವ ತನಕ ಎದ್ದೇಳಲಿಲ್ಲ.

ವಂದನಾರ್ಪಣೆಯೂ ಗಿರಿಯದೇ. ಶಾಮಿಯಾನದವರಿಗೆ, ಮೈಕ್‌ಸೆಟ್‌ನವರಿಗೆ, ಕರೆಂಟ್ ತೆಗೆಯದೇ ಇದ್ದವರಿಗೆ, ಉಪ್ಪಿಟ್ಟು ಕಳಿಸಿದ ಹೋಟೆಲಿನವರಿಗೆ ಎಲ್ಲರಿಗೂ ವಂದಿಸಿದ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, ‘ಹೆತ್ತವರ ಆಶೀರ್ವಾದಕ್ಕೆ’ ಅಂತಲೂ ಅಂದ. ಥೂ, ನಾಚಿಕೆ ಬೇಡವೇ!

ಎಲ್ಲ ಮುಗಿದು ಹೊರಗೆ ಕಾರಿನ ಬಾಗಿಲು ಹಿಡಿದು ನಿಂತಿದ್ದ. ವೆಂಕಟರತ್ನಮ್ಮ ಕಾರು ಹತ್ತಲು ಹೋದವರು, ಗೇಟಿನತ್ತ ಹೊರಟಿದ್ದ ಗಂಗರತ್ನಮ್ಮನನ್ನು ಕಂಡು ನಿಂತರು.

“ನಿಮ್ಮ ಕುರ್ಚಿ ನಾನು ಕಿತ್ಕೊಂಡಂಗಾಯ್ತಮ್ಮ, ಬೇಜಾರು ಮಾಡ್ಕೋಬೇಡಿ. ಹುಡುಗ ಬಲು ಚುರುಕು, ಅಲ್ವಾ? ಯಾರ ಮಗ ಇವನು?”

ಗಿರಿ ಮೊದಲ ಸಲ ಕಿವಿಯಿಂದ ಇಯರ್‌ಫೋನ್ ತೆಗೆದ.

ಗಂಗರತ್ನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಸೆರಗು ಸರಿಮಾಡಿಕೊಂಡರು.

“ನಂಗೊತ್ತಿಲ್ಲ ತಾಯಿ,” ಅಂದರು. “ನಾವು ಸಾರ್ವಜನಿಕ್ರು.”