ಪ್ರಾರ್ಥನೆಯಲ್ಲಿ ನನ್ನ ಹೆಸರು ಬೇಡ

"ನನ್ನ ಹೆಸರು ಹೇಳಬೇಡಿ ಮೇಡಂ. ಮತಾಂತರ ಹೀಗೇ ಶುರುವಾಗುವುದು ಅಲ್ವಾ?"

ಹಿಂದಿನ ಸೀಟಿನಿಂದ ಸುಧಾಕರ್ ಹೀಗೆ ಅಂದಾಗ ಕಾರು ಇನ್ನೂ ಕಾರ್ಕಳ ಬಿಟ್ಟಿರಲಿಲ್ಲ. ಮಣಿಪಾಲದ ಆಫೀಸಿಗೆ ನಾನು ಹೋಗುವುದು ಸಹೋದ್ಯೋಗಿ ಲವೀನಾ ಅವರ ಕಾರಿನಲ್ಲಿ. ಹೊರಡುವ ಮೊದಲು ಅವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು, ಕಾರಿನಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಹೇಳಿ, ಸುಖವಾಗಿ ಮುಟ್ಟಿಸು ಎಂದು ಯೇಸುವನ್ನು ಗಟ್ಟಿಯಾಗಿಯೇ ಬೇಡುತ್ತಾರೆ. ಸುಧಾಕರ್ ಆಫೀಸಿಗೆ ಹೊಸಬರು, ನಮ್ಮ ಜೊತೆ ಹೊರಟದ್ದು ಅಂದೇ ಮೊದಲು.

ಲವೀನಾ ಎಂಜಿನ್ ಆಫ್ ಮಾಡಿದರು. ಈ ಮಾತು ಆಫೀಸಿನಲ್ಲಿ ಹಬ್ಬಿದರೆ ಅವರ ಕೆಲಸಕ್ಕೇ ಕುತ್ತು. ಅವರು ಕನ್ನಡಿಯಲ್ಲಿ ಸುಧಾಕರ್ ಮುಖ ನೋಡಿದರು.

"ನನಗೆ ಡ್ರೈವಿಂಗ್ ಅಂದ್ರೆ ಈಗಲೂ ಹೆದರಿಕೆ ಉಂಟು. ಅದಕ್ಕೆ ಯೇಸುವಿನ ಹತ್ತಿರ ಬೇಡ್ತೇನೆ, ಅಡಗಿಸಿ ಅಲ್ಲ. ನಿಮಗೆ ಬೇಡದಿದ್ರೆ ನಿಮ್ಮ ಹೆಸರು ಬಿಡ್ತೇನೆ."

ಮತ್ತೆ ಮೊದಲಿನಿಂದ ಪ್ರಾರ್ಥಿಸಿದರು. ನನ್ನ ಹೆಸರು ಬಂತು, ಅವರ ಸ್ವಂತ ಹೆಸರೂ ಬಂತು. ಅಲ್ಲಿಗೆ ಆಮೆನ್.

ಬೈಲೂರಿನ ತಿರುವಿನಲ್ಲಿ ಟಿಪ್ಪರೊಂದು ನಮ್ಮ ಮೇಲೇ ಬಂದಂತಾಗಿ ಲವೀನಾ ಬ್ರೇಕ್ ಒತ್ತಿದರು. ಟಿಪ್ಪರ್ ಪಕ್ಕದಲ್ಲೇ ಹಾದುಹೋಯಿತು. ತಿರುಗಿ ನೋಡಿದರೆ ಸುಧಾಕರ್ ಕಿಟಕಿಯ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮಣಿಪಾಲ ಮುಟ್ಟುವವರೆಗೂ ಬಿಡಲಿಲ್ಲ.

ಅವರು ಈಗಲೂ ನಮ್ಮೊಡನೆ ಬರುತ್ತಾರೆ. ಹೆಸರಿನ ಮಾತು ಅವರೂ ಎತ್ತಿಲ್ಲ, ಲವೀನಾ ಸೇರಿಸಿಯೂ ಇಲ್ಲ. ನಾನು ದಿನಾ ದೇವಿಗೆ ಕೈ ಮುಗಿದೇ ಮನೆಯಿಂದ ಹೊರಡುವವಳು. ಆದರೂ ಲವೀನಾ ಕಣ್ಣು ಮುಚ್ಚಿದೊಡನೆ ಕಿವಿಗೊಡುತ್ತೇನೆ, ನನ್ನ ಹೆಸರು ಉಂಟಾ ಎಂದು.