ಅತ್ತೆ ಬೇಡವೆಂದದ್ದು

ಫೋನ್ ರಿಂಗಾದರೆ ನನ್ನ ಅತ್ತೆಯ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಸೊಪ್ಪು ಬಿಡಿಸುತ್ತ ನೆಲದ ಮೇಲೆ ಬಾಗಿ ಕೂತಿದ್ದರೂ ಸರಿ, ಸೆರಗಿಗೆ ಕೈ ಒರೆಸಿಕೊಂಡು, ಎಡಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಓಲೆ ತಾಗದಂತೆ ಫೋನನ್ನು ತುಸು ಓರೆಯಾಗಿ ಹಿಡಿದು "ಹಲೋ" ಅನ್ನುತ್ತಿದ್ದರು. ಆ ಹಲೋದಲ್ಲಿ ಅವಸರವೂ ಇಲ್ಲ, ಸಲಿಗೆಯೂ ಇಲ್ಲ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದೊಂದೇ ಬಳೆ, ಮೂಗಿನ ತುದಿಯಲ್ಲಿ ಅಡುಗೆಮನೆಯ ಬೆವರು. ದನಿ ಮಾತ್ರ ಬೇರೆ ಯಾರದೋ. "ಅಮ್ಮ ಫೋನಲ್ಲಿ ಕಲೆಕ್ಟರ್" ಎಂದು ನನ್ನ ಗಂಡ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಾನು ದಾವಣಗೆರೆಯವಳು, ಮದುವೆಯಾಗಿ ಚೆನ್ನೈಗೆ ಬಂದೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಇಲ್ಲಿಯವರೇ. ಸೌಕಾರ್‌ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿ, ಪುರಸವಾಕ್ಕಂನಲ್ಲಿ ಮನೆ. ಮಾವ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅತ್ತೆಯ ಕನ್ನಡದಲ್ಲಿ ತಮಿಳು ಎಲ್ಲಿ ಮುಗಿಯುತ್ತದೆ, ಕನ್ನಡ ಎಲ್ಲಿ ಶುರುವಾಗುತ್ತದೆ ಎಂದು ಮೊದಲ ವರ್ಷ ನನಗೆ ಗೊತ್ತಾಗುತ್ತಿರಲಿಲ್ಲ. ನನ್ನನ್ನು "ಕಣ್ಣು" ಎಂದು ಕರೆಯುತ್ತಿದ್ದರು. ತಮಿಳಿನಲ್ಲಿ ಅದು ಮುದ್ದಿನ ಮಾತೆಂದು ತಿಳಿಯದೆ, ನನ್ನ ಕಣ್ಣಿಗೇನಾಗಿದೆಯೋ ಎಂದು ಎರಡು ಸಲ ಕನ್ನಡಿ ನೋಡಿಕೊಂಡಿದ್ದೇನೆ.

ಅವರಿಗೆ ಯಾರ ನಂಬರನ್ನೂ ಬರೆದಿಡುವ ಅಭ್ಯಾಸವಿರಲಿಲ್ಲ. ಒಮ್ಮೆ ಕೇಳಿದರೆ ಸಾಕು, ತಲೆಯಲ್ಲಿ ಕೂತುಬಿಡುತ್ತಿತ್ತು. ಗ್ಯಾಸಿನವನದು, ಬಳ್ಳಾರಿಯ ನಾದಿನಿಯದು, ನನ್ನ ಆಫೀಸಿನ ರಿಸೆಪ್ಷನ್ನಿನದು, ಎಲ್ಲ. ಅವರ ಇನ್ನೊಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಕೊರಳಿನ ಆಫೀಸಿನ ಐಡಿ ಕಾರ್ಡನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿ, ನೆಟ್ಟಗೆ ತಿರುಗಿಸಿ ಬಿಡುತ್ತಿದ್ದರು. "ಹ್ಞಾಂ, ಪೋ. ಟೈಮಾಯ್ತು." ಜೈಲಿನ ಗೇಟಿನಲ್ಲಿ ತಪಾಸಣೆ ಮಾಡಿದ ಹಾಗೆ ಎಂದು ನನ್ನ ಅಮ್ಮನ ಹತ್ತಿರ ಫೋನಿನಲ್ಲಿ ದೂರಿದ್ದೆ.

ನನ್ನ ಕೆಲಸ ಗಿಂಡಿಯ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿತ್ತು. ಎಗ್ಮೋರಿನಲ್ಲಿ ಲೋಕಲ್ ಟ್ರೈನ್ ಹತ್ತಿದರೆ ಅರ್ಧ ಗಂಟೆಯೊಳಗೆ ಗಿಂಡಿ. ಮೊದಲ ಐದಾರು ವರ್ಷ ಹೊಸಬರನ್ನು ಆರಿಸುವುದು, ಅವರಿಗೆ ಕಾಗದ ಪತ್ರ ಮಾಡಿಸುವುದು, ತರಬೇತಿಗೆ ಕೂರಿಸುವುದು. ಕೆಲಸ ಸಿಕ್ಕ ಹುಡುಗಿಯರು ನನ್ನೆದುರೇ ಅಪ್ಪನಿಗೆ ಫೋನ್ ಮಾಡಿ ಅಳುತ್ತಿದ್ದರು. ಆಮೇಲೆ ಕಂಪನಿಯ ಗಾಳಿ ತಿರುಗಿತು. ಸೇರಿಸಿದವಳೇ ಕಳಿಸುವವಳಾದೆ. ಕಿಟಕಿಯಿಲ್ಲದ ಒಂದು ಸಣ್ಣ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ಮೇಲಿನವರು ಬರೆದುಕೊಟ್ಟ ನಾಲ್ಕು ಸಾಲನ್ನು ಬಾಯಿಪಾಠ ಒಪ್ಪಿಸಬೇಕು. ಅಳುವವರು, ಬೈಯುವವರಾದರೆ ಹೇಗೋ ಆಗುತ್ತಿತ್ತು. ನಾನೇ ಸೇರಿಸಿಕೊಂಡಿದ್ದ ಒಬ್ಬ ನಡುವಯಸ್ಸಿನ ಸ್ಟೋರ್ ಕೀಪರ್, ನನ್ನ ಮಾತು ಮುಗಿದ ಮೇಲೆ "ಥ್ಯಾಂಕ್ಸ್ ಮೇಡಂ" ಎಂದು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಒಳಕ್ಕೆ ಸರಿಸಿಟ್ಟು ಹೋದರು. ಅದನ್ನು ಮಾತ್ರ ನನ್ನಿಂದ ನುಂಗಲಾಗಲಿಲ್ಲ. ಅಲ್ಲಿಂದಾಚೆ ಊಟವೂ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು. ಮೀಟಿಂಗಿನ ನಡುವೆ ಎಡಗೈ ಜೋಮು ಹಿಡಿಯುತ್ತಿತ್ತು. ಸೈದಾಪೇಟೆ ಸ್ಟೇಷನ್ ಬಂದರೆ ಎದೆ ಡವಡವ, ಮುಂದಿನದು ಗಿಂಡಿಯಲ್ಲವೇ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. "ನಾನು ಕೆಲಸ ಬಿಡ್ತೀನಿ."

ಗಂಡ ತಲೆಯೆತ್ತದೆ, "ನಿನ್ನಿಷ್ಟ. ಅಂಗಡಿ ಇದೆಯಲ್ಲ" ಎಂದರು. ಸ್ವಂತ ಅಂಗಡಿಯವರಿಗೆ ಕೆಲಸ ಬಿಡುವುದೆಂದರೆ ಏನೆಂದು ಗೊತ್ತಿರುವುದಿಲ್ಲ.

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟು ಹೇಳಿದರು. "ಬೇಡ."

"ಯಾಕತ್ತೆ?"

"ಬೇಡ ಅಂದ್ರೆ ಬೇಡ ಕಣ್ಣು. ಲೀವ್ ಹಾಕು, ಬೇರೆ ಸೆಕ್ಷನ್ ಕೇಳು. ಬಿಡ್ಬೇಡ. ಬಿಟ್ಟ ಮೇಲೆ ವಾಪಸ್ ಬಾ ಅಂತ ಯಾರೂ ಕೂಪಿಡೋದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನೆಂಟರಿಷ್ಟರ ಮುಂದೆ 'ನಮ್ಮ ಸೊಸೆ ಆಫೀಸರ್' ಎಂದು ಹೇಳಿಕೊಳ್ಳುವ ಹೆಮ್ಮೆ ತಪ್ಪಿಹೋಗುತ್ತದಲ್ಲ, ಅದಕ್ಕೇ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

"ಒಂದು ದಿನಾನೂ ಕೆಲಸಕ್ಕೆ ಹೋಗದೆ ಮನೇಲಿ ಕೂತವರಿಗೆ ನನ್ನ ಕಷ್ಟ ಏನು ಗೊತ್ತಾಗುತ್ತೆ?" ಎಂದುಬಿಟ್ಟೆ.

ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಮಗನ ತಟ್ಟೆಗೆ ಸಾರು ಹಾಕಿ, ನನ್ನ ತಟ್ಟೆಗೂ ಹಾಕಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿರಲಿಲ್ಲ.

ನಾನು ಕೆಲಸ ಬಿಡಲೂ ಇಲ್ಲ, ಮಾಡಲೂ ಇಲ್ಲ. ಹೀಗೇ ಐದು ತಿಂಗಳು ಎಳೆದೆ. ಆ ಐದು ತಿಂಗಳಲ್ಲಿ ಏನೇನಾಯಿತೆಂದು ಸರಿಯಾಗಿ ನೆನಪಿಲ್ಲ. ನೆನಪಿಲ್ಲದಿರುವುದೇ ಕಾಯಿಲೆಯ ಲಕ್ಷಣವೆಂದು ಡಾಕ್ಟರ್ ಆಮೇಲೆ ಹೇಳಿದರು. ಒಂದು ಸೋಮವಾರ ಎಗ್ಮೋರ್ ಪ್ಲಾಟ್‌ಫಾರ್ಮಿನಲ್ಲಿ ಗಿಂಡಿಗೆ ಹೋಗುವ ತಾಂಬರಂ ಟ್ರೈನ್ ಬಂದು ನಿಂತಿತು. ಕಾಲು ಏಳಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಆಫೀಸಿಗೆ ಜ್ವರವೆಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡಿ, ಸಂಜೆ ಐದರವರೆಗೆ ಕಲ್ಲು ಬೆಂಚಿನ ಮೇಲೆ ಕೂತೆ. ಮನೆಗೆ ಹೋಗಿ ಎಂದಿನಂತೆ ಊಟದ ಡಬ್ಬಿ ತೊಳೆದಿಟ್ಟೆ. ಮಂಗಳವಾರವೂ ಹಾಗೇ, ಬುಧವಾರವೂ.

ಬುಧವಾರ ಹನ್ನೊಂದರ ಹೊತ್ತಿಗೆ ನನ್ನ ಪಕ್ಕದಲ್ಲಿ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಅತ್ತೆ. ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದರು. ಕಾಲಿಗೆ ಮಗನ ಚಪ್ಪಲಿ. ಅಂಗಡಿಯ ಯಾವುದೋ ಬೀಗದ ಕೈ ಕೇಳಲು ನನಗೆ ಫೋನ್ ಮಾಡಿದ್ದಾರೆ, ಸಿಕ್ಕಿಲ್ಲ. ಆಫೀಸಿನ ರಿಸೆಪ್ಷನ್ನಿಗೆ ಮಾಡಿದ್ದಾರೆ. ಮೂರು ದಿನದಿಂದ ಮೇಡಂ ಬಂದಿಲ್ಲ ಎಂದು ಅಲ್ಲಿಯ ಹುಡುಗಿ ಹೇಳಿದ್ದಾಳೆ. ಆಟೋ ಹಿಡಿದು ನೇರ ಸ್ಟೇಷನ್ನಿಗೆ ಬಂದು, ಒಂದೊಂದೇ ಪ್ಲಾಟ್‌ಫಾರ್ಮ್ ಹುಡುಕಿದ್ದಾರೆ. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ.

"ಏನಾದ್ರೂ ತಿಂದ್ಯಾ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ನನ್ನ ಬ್ಯಾಗಿನಿಂದ ಡಬ್ಬಿ ತೆಗೆದು, ಮೊಸರನ್ನ ಕಲಸಿ ಕೈಗೆ ಕೊಟ್ಟರು. ಎರಡು ತುತ್ತು ತಿಂದು ಅಳಲು ಶುರು ಮಾಡಿದೆ. ಅಳು ನಿಲ್ಲುವವರೆಗೆ ಅವರು ಎದುರಿನ ಹಳಿಯನ್ನು ನೋಡುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು.

"ತಪ್ಪಾಯ್ತು ಕಣ್ಣು. ಅವತ್ತು ನಾನು ಬೇಡ ಅನ್ಬಾರ್ದಿತ್ತು. ನಂದೇ ಕಥೆ ತಗೊಂಡು ನಿನ್ನ ತಲೆ ಮೇಲೆ ಹಾಕ್ಬಿಟ್ಟೆ."

"ನಿಮ್ಮ ಕಥೆ?"

ಅವರು ಹೇಳಿದ್ದು ಇಷ್ಟು. ಮದುವೆಗೆ ಮೊದಲು ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಊರೂರಿನ ಟ್ರಂಕ್ ಕಾಲ್ ಜೋಡಿಸುವ ಕೆಲಸ. ಪರೀಕ್ಷೆ ಬರೆದು ಪಡೆದ ಸರ್ಕಾರಿ ಹುದ್ದೆ. ಮದುವೆಯಾದ ಮೇಲೂ ಒಂದಷ್ಟು ತಿಂಗಳು ಹೋದರು. ಪಾಳಿಯ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವ ಸೊಸೆಯನ್ನು ಕಂಡು ಓಣಿಯವರು ಮಾತಾಡಿದರು. ಹಿರಿಯರು ಕೂತು, ಬಿಡಿಸಬೇಕೆಂದರು. ಅತ್ತೆ ತಮ್ಮ ಅಪ್ಪನನ್ನು ಕೇಳಿದರು, ಅಕ್ಕನನ್ನು ಕೇಳಿದರು, ಮಠದ ಸ್ವಾಮಿಗಳನ್ನೂ ಕೇಳಿದರು. ಎಲ್ಲರೂ ಬಿಡು ಎಂದರು. ಬಿಟ್ಟರು.

"ಆಮೇಲೆ ಒಂದು ವರ್ಷ ನಾನು ನಾನಾಗಿರ್ಲಿಲ್ಲ ಮಾ. ತಲೆ ಬಾಚ್ಕೊಳ್ತಿರ್ಲಿಲ್ಲ, ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ದೃಷ್ಟಿ ಆಗಿದೆ ಅಂದ್ರು, ತಾಯಿತ ಕಟ್ಟಿಸಿದ್ರು. ಅದಕ್ಕೂ ಒಬ್ಬ ಡಾಕ್ಟರ್ ಇದಾನೆ ಅಂತ ಯಾರಿಗೆ ಗೊತ್ತಿತ್ತು? ನೀನು ಬಿಡ್ತೀನಿ ಅಂದಾಗ ನನಗೆ ಆ ಗೋಡೆ ಕಾಣ್ತು. ನಿನಗೆ ಬಿಡದೆ ಇದ್ರೇನೇ ಆ ಗೋಡೆ ಅಂತ ಗೊತ್ತಾಗ್ಲಿಲ್ಲ."

ಒಂದು ಟ್ರೈನ್ ಬಂದು ಜನರನ್ನು ಇಳಿಸಿ ಹೋಯಿತು. ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದರು. "ಇದನ್ನ ಮನೇಲಿ ಹೇಳ್ಬೇಡ. ಅವನಿಗೆ ಗೊತ್ತಿಲ್ಲ. ಈಗ ಗೊತ್ತಾದ್ರೆ ಅವರಪ್ಪನ ಮೇಲೆ ಬೇಜಾರಾಗುತ್ತೆ, ಪಾವಂ."

ನಾನು ಆಗಲೇ, ಆ ಬೆಂಚಿನ ಮೇಲೇ, ಕ್ಷಮಿಸಿ ಎನ್ನಬೇಕಿತ್ತು. ತಪ್ಪು ಮಾಡಿದವಳು ನಾನು, ತಪ್ಪಾಯ್ತು ಅಂದವರು ಅವರು. ಆಮೇಲೆ ಹೇಳಿದರಾಯಿತೆಂದುಕೊಂಡೆ.

ಅದೇ ವಾರ ಕಿಲ್ಪಾಕ್‌ನ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ನನ್ನ ಬದಲು ಅವರೇ ತಮಿಳಿನಲ್ಲಿ ಎಲ್ಲ ವಿವರಿಸಿದರು. ಊಟ ಎಷ್ಟು ಬಿಡುತ್ತಾಳೆ, ಎಷ್ಟು ಸಲ ಕೈ ತೊಳೆಯುತ್ತಾಳೆ, ಕರೆದರೆ ಎಷ್ಟು ಹೊತ್ತಿಗೆ ಓಗೊಡುತ್ತಾಳೆ. ನನ್ನನ್ನು ಇಷ್ಟು ನೋಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ್ ಮಾತ್ರೆ ಬರೆದು, ಎರಡು ತಿಂಗಳು ರಜೆ ಹಾಕಿಸಿದರು. ಅಲ್ಲಿಯವರೆಗೆ ಬಿಡುವುದು, ಉಳಿಯುವುದು ಯಾವ ತೀರ್ಮಾನವೂ ಬೇಡ ಎಂದರು. ನೆಂಟರು ಬಂದಾಗ "ಸೊಸೆಗೆ ಮನಸ್ಸಿಗೆ ಹುಷಾರಿಲ್ಲ, ಮಾತ್ರೆ ತಗೋತಿದಾಳೆ" ಎಂದು ಅತ್ತೆ ಬಿಪಿ ಶುಗರಿನ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ಯಾರಾದರೂ ಹುಬ್ಬೇರಿಸಿದರೆ ಅವರಿಗೆ ಎರಡನೇ ಸಲ ಕಾಫಿ ಇರುತ್ತಿರಲಿಲ್ಲ.

ರಜೆ ಮುಗಿಸಿ ಮೂರು ವಾರ ಆಫೀಸಿಗೆ ಹೋದೆ. ಎದೆ ಡವಡವ ಎನ್ನಲಿಲ್ಲ. ಆದರೂ ಆ ಕೋಣೆಯಲ್ಲಿ ಇನ್ನು ಕೂರಲಾರೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಮನೆಗೆ ಬಂದು ಕೇಳಿದೆ, "ಅತ್ತೆ, ಬಿಡ್ಲಾ?"

ಅವರು ಅಕ್ಕಿ ಆರಿಸುತ್ತಿದ್ದರು. "ನನ್ನ ಕೇಳ್ಬೇಡ. ನಾನು ಎಲ್ಲರನ್ನೂ ಕೇಳಿದೆ, ಎಲ್ಲರೂ ಹೇಳಿದ್ರು. ಆಮೇಲೆ ಗೋಡೆ ನೋಡ್ಕೊಂಡು ಮಲಗಿದ್ದು ಮಾತ್ರ ನಾನೊಬ್ಬಳೇ. ನೀನೇ ಯೋಚ್ನೆ ಮಾಡು. ಏನ್ ಮಾಡಿದ್ರೂ ನಾನು ನಿನ್ನ ಕೂಡ ಇರ್ತೀನಿ."

ಬಿಟ್ಟೆ. ಆರು ತಿಂಗಳಾದ ಮೇಲೆ ವೇಪೇರಿಯ ಒಂದು ಶಾಲೆಯ ಆಫೀಸಿನಲ್ಲಿ ಸಣ್ಣ ಕೆಲಸ ಸಿಕ್ಕಿತು. ಮಕ್ಕಳ ಅಡ್ಮಿಷನ್ ಫಾರಂ, ಹಾಜರಿ, ಬಿದ್ದು ಮಂಡಿ ತರಚಿಕೊಂಡವರಿಗೆ ಟಿಂಚರು. ಈಗಲೂ ಅಲ್ಲೇ ಇದ್ದೇನೆ.

ಅತ್ತೆ ಹೋದದ್ದು ಇದಾಗಿ ಎರಡು ವರ್ಷಕ್ಕೆ, ಹೃದಯದ ತೊಂದರೆಯಿಂದ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ, "ಅತ್ತೆ, ಅವತ್ತು ಊಟಕ್ಕೆ ಕೂತಾಗ ನಾನೊಂದು ಮಾತು..." ಎಂದು ಶುರು ಮಾಡಿದೆ. ಅಷ್ಟರಲ್ಲಿ ನರ್ಸ್ ಬಂದಳು. ಅವಳು ಹೋದ ಮೇಲೆ ಅತ್ತೆ, "ಏನೋ ಹೇಳ್ತಿದ್ದೆ" ಎಂದರು. "ಏನಿಲ್ಲ ಬಿಡಿ" ಎಂದೆ ನಾನು. ಅವರಾಗಿ ಕೇಳಿದ್ದರು. ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೆಲ್ಲಿ ಸಿಗುತ್ತಿತ್ತು? ಎರಡು ದಿನಕ್ಕೆ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ, ಪೇಪರಿನಲ್ಲಿ ಹಾಕಿಸಿದ್ದ ಫೋಟೋ ನೋಡಿ, ಒಬ್ಬ ವಯಸ್ಸಾದ ತಮಿಳು ಹೆಂಗಸು ಬಂದರು. ಯಾರಿಗೂ ಗುರುತಿಲ್ಲ. ಕೋಲೂರಿಕೊಂಡು ಬಂದು ಫೋಟೋ ಮುಂದೆ ನಿಂತು, ಒಂದು ಮೊಳ ಮಲ್ಲಿಗೆ ಇಟ್ಟು, ನನ್ನ ಗಂಡನ ಕೈ ಹಿಡಿದುಕೊಂಡು ತಮಿಳಿನಲ್ಲಿ ಹೇಳಿದರು. "ನಾವಿಬ್ಬರೂ ಎಕ್ಸ್‌ಚೇಂಜಿನಲ್ಲಿ ಪಕ್ಕ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆವಪ್ಪ. ಬಿಟ್ಟ ಮೇಲೆ ತಿಂಗಳುಗಟ್ಟಲೆ ಬಂದು ಎದುರಿನ ಫುಟ್‌ಪಾತಿನಲ್ಲಿ ನಿಂತಿರುತ್ತಿದ್ದಳು. ಒಳಗೆ ಬಾರೇ ಅಂದರೆ, ಇಲ್ಲ, ಹೂ ಕೊಳ್ಳೋಕೆ ಬಂದೆ ಅನ್ನುತ್ತಿದ್ದಳು. ಅಲ್ಲಿ ಹೂವಿನ ಅಂಗಡಿಯೇ ಇರಲಿಲ್ಲ."

ಗಂಡ ನನ್ನ ಕಡೆ ತಿರುಗಿದರು. "ಅಮ್ಮ ಕೆಲಸಕ್ಕೆ ಹೋಗ್ತಿದ್ರಾ? ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ರು."

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಹೇಳಿದ್ದರೆ, ಅವತ್ತು ಊಟಕ್ಕೆ ಕೂತಾಗ ನಾನು ಆಡಿದ ಮಾತು ಎಂಥದೆಂದು ಗಂಡನಿಗೂ ಗೊತ್ತಾಗುತ್ತಿತ್ತು. ಅತ್ತೆಗೆ ಕೊಟ್ಟ ಮಾತಿನ ಹಿಂದೆ ನಾನು ಆರಾಮಾಗಿ ಅಡಗಿಕೊಂಡಿದ್ದೆ. ಮನೆಯವರ ಕಣ್ಣಿನಲ್ಲಿ ಅವರು ಕಡೆಯವರೆಗೂ ಏನೂ ಅರಿಯದ ಗೃಹಿಣಿಯಾಗಿಯೇ ಉಳಿದರು, ನಾನು ಉಳಿಯಗೊಟ್ಟೆ.

ಗಂಡ ಆ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಕೆಳಗೆ ನೆಲದ ಮೇಲೆ ಕೂತು, ಚಿಕ್ಕ ಹುಡುಗನ ಹಾಗೆ ಮುಖವೆತ್ತಿ ಕೇಳಿದರು. "ಅಲ್ಲಿ ಅಮ್ಮ ಹೇಗಿದ್ರು, ಆಂಟಿ?"

ಎಲೆ ಹಾಕಿ ಊಟಕ್ಕೆ ಕರೆಯುವವರೆಗೂ ಆಕೆ ಹೇಳಿದರು. ಅತ್ತೆ ಎಷ್ಟು ಬೇಗ ಲೈನ್ ಜೋಡಿಸುತ್ತಿದ್ದರು, ಮೇಲಧಿಕಾರಿಗೆ ಒಮ್ಮೆ ಹೇಗೆ ಎದುರು ಮಾತಾಡಿದ್ದರು, ಸಂಬಳದ ದಿನ ಇಬ್ಬರೂ ಹೇಗೆ ಮರೀನಾಕ್ಕೆ ಹೋಗಿ ನೀರಿನಲ್ಲಿ ನಿಂತು ನಗುತ್ತಿದ್ದರು, ಎಲ್ಲ. ಗಂಡ ಕಣ್ಣೊರೆಸಿಕೊಳ್ಳುತ್ತ ನಡುನಡುವೆ ನಗುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಇದನ್ನೆಲ್ಲ ಅತ್ತೆಯೇ, ಇದೇ ಹಜಾರದಲ್ಲಿ, ಇದೇ ಮಗನಿಗೆ ಹೇಳಬಹುದಾಗಿತ್ತು. ಎರಡು ವರ್ಷ ಸಮಯವಿತ್ತು. ನಾನು ಬಾಯಿ ಬಿಟ್ಟಿದ್ದರೆ.