ಒಂದು ಹಿಡಿ ಖರ್ಜೂರ

ನಾನು ಚಿಕ್ಕವನಿದ್ದಾಗ ಒಂದೇ ಒಂದು ಸಲ ಹೊಟ್ಟೆ ತುಂಬ ಖರ್ಜೂರ ತಿಂದೆ. ಆಮೇಲೆ ಇವತ್ತಿನವರೆಗೂ ಮುಟ್ಟಿಲ್ಲ. ಕುವೈತಿನ ಈ ಫಹಾಹೀಲಿನ ಮನೆಗೆ ನಿಮ್ಮಪ್ಪ ಡಬ್ಬಿಗಟ್ಟಲೆ ತಂದಿಡುತ್ತಾನೆ. ನಾನು ಬೇಡ ಅಂದರೆ ನೀವಿಬ್ಬರೂ "ಅಜ್ಜನಿಗೆ ಶುಗರ್" ಅಂತ ನಗುತ್ತೀರಿ. ಶುಗರೂ ಇಲ್ಲ, ಮಣ್ಣೂ ಇಲ್ಲ ಮಕ್ಕಳೇ. ಕಾರಣ ಬೇರೆ ಇದೆ, ಇವತ್ತು ಹೇಳಿಬಿಡುತ್ತೇನೆ.

ನಮ್ಮ ಮನೆ ಮಂಗಳೂರಿನ ಕಡೆ, ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿತ್ತು. ಅಮ್ಮ ತೀರಿಹೋಗಿದ್ದರು. ಅಪ್ಪ, ಅಕ್ಕ, ನಾನು, ಮೂರೇ ಜನ. ಅಪ್ಪ ಮರದ ಡಿಪೋದಲ್ಲಿ ಗರಗಸ ಎಳೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅವರ ಮೈತುಂಬ ಮರದ ಹುಡಿ, ಹಸಿ ಮರದ ವಾಸನೆ.

ಅಂಗಳದ ಅಂಚಿನಲ್ಲಿ ಒಂದು ಮುದಿ ಹೊನ್ನೆ ಮರವಿತ್ತು. ಕಡಲ ಗಾಳಿಗೆ ಬಗ್ಗಿ ಬಗ್ಗಿ ಅದರ ಮೈಯೆಲ್ಲ ಡೊಂಕು. ಬಿಳಿ ಹೂ ಬಿಟ್ಟಾಗ ಒಲೆಯ ಹೊಗೆಯ ನಡುವೆಯೂ ಮನೆ ಘಮ್ಮೆನ್ನುತ್ತಿತ್ತು. ಉದುರಿದ ಕಾಯಿಗಳನ್ನು ಅಕ್ಕ ಆರಿಸಿ, ಒಣಗಿಸಿ, ಒಡೆದು ಗಾಣಕ್ಕೆ ಕೊಡುತ್ತಿದ್ದಳು. ಹಸಿರು ಬಣ್ಣದ, ಬಾಯಿಗಿಡಲಾಗದಷ್ಟು ಕಹಿ ಎಣ್ಣೆ. ಅದರ ದೀಪದಲ್ಲೇ ಅವಳು ಓದುತ್ತಿದ್ದಳು. ಓದಿ ಟೀಚರ್ ಆಗಿಯೇ ಆಗುತ್ತೇನೆ ಎಂಬ ಹಟ ಅವಳದು.

ಘಟ್ಟದ ಕಾಡಿನಲ್ಲಿ ನೆಟ್ಟಗೆ ಬೆಳೆದ ಮರಗಳನ್ನೆಲ್ಲ ಬ್ರಿಟಿಷರು ರೈಲಿಗೆ, ಹಡಗಿಗೆ ಅಂತ ಕಡಿದು ಸಾಗಿಸಿದ್ದರು. ಅವರು ಹೋದರೂ ಅವರು ಕಲಿಸಿಹೋದ ಕೆಲಸ ನಿಂತಿರಲಿಲ್ಲ. ನಮ್ಮ ಮರವನ್ನೂ ಕಡಿದುಬಿಟ್ಟರೆ ಏನು ಗತಿ ಎಂದು ಅಕ್ಕನಿಗೆ ಹೆದರಿಕೆ. ಅಪ್ಪ ನಗುತ್ತಿದ್ದರು. "ಎಂತ ಹೆದರುವುದು ಮಗಾ? ಕೊಡಲಿ ಬೀಳುವುದು ನೆಟ್ಟಗಿನ ಮರಕ್ಕೆ. ಈ ಡೊಂಕನ್ನು ಯಾರು ಕೇಳ್ತಾರೆ?"

ಒಂದು ಬೆಳಿಗ್ಗೆ ಕುವೈತಿನಿಂದ ಖರ್ಜೂರ ತುಂಬಿಕೊಂಡು ಒಂದು ಮಂಜಿ ಬಂತು. ದೊಡ್ಡ ಹಾಯಿಹಡಗಿಗೆ ನಾವು ಮಂಜಿ ಎನ್ನುತ್ತಿದ್ದೆವು. ಖರ್ಜೂರ ಇಳಿಸಿ ಮರ, ಹಂಚು ತುಂಬಿಕೊಂಡು ಹೋಗುವುದು ಅವರ ವ್ಯಾಪಾರ. ಮಧ್ಯಾಹ್ನ ನಾನು ಅಪ್ಪನಿಗೆ ಗಂಜಿ ತೆಗೆದುಕೊಂಡು ಡಿಪೋಗೆ ಹೋದೆ. ಅಪ್ಪ ದಿಮ್ಮಿಯ ಕೆಳಗೆ, ಗರಗಸದ ಗುಂಡಿಯೊಳಗೆ ನಿಂತು ಎಳೆಯುತ್ತಿದ್ದರು. ಮೇಲೆ ಒಬ್ಬ ಅರಬಿ ಮುದುಕ, ಮಂಜಿ ಕಟ್ಟುವ ಬಡಗಿ, ಡಿಪೋದ ಗುತ್ತಿಗೆದಾರನಿಗೆ ಏನೋ ಹೇಳಲು ಒದ್ದಾಡುತ್ತಿದ್ದ. ರಾಶಿ ರಾಶಿ ಮರ ತೋರಿಸಿದರೂ ಅವನು ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ತನ್ನ ಮೊಣಕೈ ಮಡಿಸಿ, ಅದನ್ನು ತಟ್ಟಿ ತಟ್ಟಿ ತೋರಿಸಿದ.

ಅಷ್ಟು ದೊಡ್ಡವರಿಗೆ ತಿಳಿಯದ್ದು ನನಗೆ ತಿಳಿಯಿತು. ಮಂಜಿಯ ಪಕ್ಕೆಲುಬಿಗೆ ತಾನಾಗಿ ಬಗ್ಗಿ ಬೆಳೆದ ಮರವೇ ಬೇಕು, ನೆಟ್ಟಗಿನದನ್ನು ಡೊಂಕಾಗಿ ಕೊಯ್ದರೆ ಅಲೆಗೆ ಮುರಿಯುತ್ತದೆ. ಇದೆಲ್ಲ ಆಗ ನನಗೆಲ್ಲಿ ಗೊತ್ತು? ಆ ಮೊಣಕೈ ನೋಡಿದ್ದೇ ನಮ್ಮ ಮರದ ಕೊಂಬೆ ಕಣ್ಣಿಗೆ ಕಟ್ಟಿತು.

"ನಮ್ಮಲ್ಲುಂಟು! ನಮ್ಮ ಮನೆಯಲ್ಲುಂಟು!" ಎಂದು ಕೂಗಿ, ಮುದುಕನ ಉದ್ದ ಅಂಗಿ ಹಿಡಿದು ಎಳೆದುಕೊಂಡೇ ಹೋದೆ. ಗುತ್ತಿಗೆದಾರನೂ ಹಿಂದೆ ಬಂದ. ಮುದುಕ ಮರವನ್ನು ಬೆರಳಗಂಟಿನಿಂದ ತಟ್ಟಿದ, ಕೊಂಬೆಗೆ ಮೊಣಕೈ ತಾಗಿಸಿ ನೋಡಿದ, "ತಯ್ಯಿಬ್, ತಯ್ಯಿಬ್", ಚೆನ್ನಾಗಿದೆ ಚೆನ್ನಾಗಿದೆ ಎಂದು ನಕ್ಕ. ನನ್ನ ಎರಡೂ ಕೈಗೆ ಖರ್ಜೂರ ಸುರಿದ. ಅಬ್ಬಾ, ಅದರ ಸಿಹಿ! ಅಕ್ಕ ಶಾಲೆಯಿಂದ ಬರುವುದರೊಳಗೆ ಅಷ್ಟನ್ನೂ ಮುಕ್ಕಿ, ಒಂದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೆ.

ಮೂರನೆಯ ದಿನ ಮರಕ್ಕೆ, ಕಡಿಯುವ ಗುರುತಾಗಿ, ಅರಣ್ಯ ಇಲಾಖೆಯ ಸುತ್ತಿಗೆಯ ಮುದ್ರೆ ಬಿತ್ತು. ಮರ ನಮ್ಮ ಅಂಗಳದ್ದಾದರೂ ನೆಲ ಸರಕಾರದ್ದು. ಅಪ್ಪ ಗುತ್ತಿಗೆದಾರನ ಕಾಲು ಹಿಡಿದರು. "ನೀನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ತಾನೆ" ಎಂದ ಅವನು. ಅಪ್ಪನೇ ಕೊಯ್ದರು. ಅಕ್ಕ ಶಾಲೆಯಿಂದ ಬರುವಾಗ ಮರ ನೆಲದಲ್ಲಿತ್ತು, ಕೊಯ್ದಲ್ಲೆಲ್ಲ ಅಂಟು ಸುರಿಯುತ್ತಿತ್ತು. ಅವಳು ಅಳಲಿಲ್ಲ. "ಇದನ್ನು ಅವರಿಗೆ ಯಾರು ತೋರಿಸಿದ್ದಪ್ಪಾ?" ಎಂದು ಕೇಳಿದಳು. "ಗೊತ್ತಿಲ್ಲ ಮಗಾ" ಎಂದರು ಅಪ್ಪ. ಅವಳು ನನ್ನ ಕಡೆ ತಿರುಗಿದಳು. ಉಳಿಸಿಕೊಂಡಿದ್ದ ಆ ಕೊನೆಯ ಖರ್ಜೂರ ನನ್ನ ಬಾಯಲ್ಲಿತ್ತು. ನಾನು ತುಟಿ ಬಿಚ್ಚಲಿಲ್ಲ.

ದಂಡೆಯ ಮಣ್ಣನ್ನು ಹಿಡಿದಿಟ್ಟದ್ದು ಆ ಮರದ ಬೇರು ಎಂದು ಮುಂದಿನ ಮಳೆಗಾಲದಲ್ಲಿ ತಿಳಿಯಿತು. ಕಡಲು ಅಂಗಳ ತಿಂದಿತು, ಆಮೇಲೆ ಗೋಡೆ ತಿಂದಿತು. ನೆಂಟರ ಮನೆಯ ಜಗಲಿಯಲ್ಲಿ ನಾವು ಬಿಡಾರ ಹೂಡಿದೆವು. ಅಕ್ಕ ಬೀಡಿ ಕಟ್ಟಲು ಕೂತಳು. "ಇನ್ನು ಓದುವುದಿಲ್ವಾ ಅಕ್ಕ?" ಎಂದೆ. "ಬೆಳಕು ಎಲ್ಲುಂಟು ಮಾರಾಯ?" ಎಂದಳು, ಎಲೆಯಿಂದ ಕಣ್ಣೆತ್ತದೆ.

ಕೆಲವೇ ವರ್ಷಗಳಲ್ಲಿ ಮಂಜಿಗಳು ಬರುವುದೂ ನಿಂತಿತು. ಇಲ್ಲಿ ನೆಲದಡಿಯ ಎಣ್ಣೆ ಸಿಕ್ಕಿತ್ತಲ್ಲ, ಹಾಯಿ ಯಾರಿಗೆ ಬೇಕು? ಕಳೆದ ಶುಕ್ರವಾರ ಕಡಲ ಬದಿಯಲ್ಲಿ ನೆಲದ ಮೇಲೆ ನಿಲ್ಲಿಸಿಟ್ಟ ಹಳೆಯ ಮಂಜಿಯನ್ನು ನೀವು ನನಗೆ ತೋರಿಸಿದಿರಿ. ನಾನು ಅದರ ಪಕ್ಕೆಲುಬಿಗೆ ಮೊಣಕೈ ತಾಗಿಸಿದೆ. "ಅಜ್ಜಾ, ಡೋಂಟ್ ಟಚ್!" ಎಂದು ಗದರಿಸಿದಿರಿ. ಅದು ನಮ್ಮ ಮರವಾಗಿರಲಿಕ್ಕಿಲ್ಲ. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ನೀವು ಸ್ವಿಚ್ ಒತ್ತುತ್ತೀರಿ, ಮನೆಯಿಡೀ ಹಗಲಾಗುತ್ತದೆ. ಕಿಟಕಿಯಾಚೆ ಎಣ್ಣೆ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಬೆಂಕಿ ಸುಮ್ಮನೆ ಉರಿಯುತ್ತಿರುತ್ತದೆ, ಅದರ ಬೆಳಕಲ್ಲಿ ಓದುವವರು ಯಾರೂ ಇಲ್ಲ. ನಿಮ್ಮನ್ನು ಬೈಯುತ್ತಿಲ್ಲ ಮಕ್ಕಳೇ, ನಾನೂ ಇದೇ ಎಣ್ಣೆಯ ಅನ್ನ ಉಣ್ಣುವವನು. ನಮ್ಮ ದೀಪ ಎಲ್ಲಿಂದ ಬರುತ್ತದೆಂದು ನಮಗೆ ಗೊತ್ತಿತ್ತು, ಅಷ್ಟೆ. ಅಂಗಳದಿಂದ ಬರುತ್ತಿತ್ತು.

ಅಕ್ಕ ತೀರಿಹೋಗಿ ಮೂರು ವರ್ಷವಾಯಿತು. ಇಲ್ಲಿಂದ ಊರಿಗೆ ಹೋದಾಗಲೆಲ್ಲ, ಈ ಸಲ ಹೇಳಿಯೇ ಬಿಡಬೇಕು ಎಂದುಕೊಳ್ಳುತ್ತಿದ್ದೆ. ಅವಳು ಬಾಗಿಲಲ್ಲೇ ಕೇಳುತ್ತಿದ್ದಳು, "ಕುವೈತಿಂದ ಖರ್ಜೂರ ತಂದಿಯಾ?" ಅವಳಿಗೆ ಅದೆಂದರೆ ಪ್ರಾಣ. ಒಂದೊಂದೇ ಬಿಡಿಸಿ ತಿನ್ನುತ್ತಿದ್ದಳು, ನಾನು ಎದುರಿಗೆ ಕೂತು ನೋಡುತ್ತಿದ್ದೆ.

"ನಿನಗೆ ಬೇಡವಾ?" ಎನ್ನುತ್ತಿದ್ದಳು.

"ಶುಗರ್ ಅಕ್ಕ" ಎನ್ನುತ್ತಿದ್ದೆ.